ಹುಳ ಬರುವ ಮುಂಚಿನ ಹನ್ನೊಂದು ದಿನ

ಮದುವೆಯಾದಾಗ ನನಗೆ ನಲವತ್ತೊಂಬತ್ತು, ಅವಳಿಗೆ ನಲವತ್ತನಾಲ್ಕು. ಹನಿಮೂನ್ ಎಂಬ ಮಾತನ್ನು ಬಾಯಿಬಿಟ್ಟು ಹೇಳಲು ಇಬ್ಬರಿಗೂ ನಾಚಿಕೆ. ಚಿಕ್ಕಬಳ್ಳಾಪುರದ ಕಾಲೇಜೊಂದರ ಆಫೀಸಿನಲ್ಲಿ ನಾನು ಸೂಪರಿಂಟೆಂಡೆಂಟ್. ರಜೆಯ ಅರ್ಜಿಯಲ್ಲಿ ‘ಕೌಟುಂಬಿಕ ಪ್ರವಾಸ’ ಎಂದು ಬರೆದೆ. ಪ್ರಿನ್ಸಿಪಾಲರು ಸಹಿ ಹಾಕಿ, ತಲೆ ಎತ್ತದೆ, ‘ಸ್ವೆಟರ್ ತಗೊಂಡು ಹೋಗ್ರಿ’ ಎಂದರು.

ಇಷ್ಟು ತಡವಾಗಿ ಮದುವೆಯಾಗಲು ಕಾರಣ ಜಾತಕವಲ್ಲ, ನನ್ನ ಸ್ವಭಾವ. ಹೆಣ್ಣು ನೋಡಲು ಹೋದಲ್ಲೆಲ್ಲ ನನಗೆ ಏನಾದರೊಂದು ಅನುಮಾನ ಬರುತ್ತಿತ್ತು: ಆ ಮನೆಯ ಮೆಟ್ಟಿಲು ಜಾರುತ್ತದೆ, ಈ ಮನೆಯವರು ಗ್ಯಾಸ್ ಆಫ್ ಮಾಡುವುದಿಲ್ಲ. ನಾನು ಅನುಮಾನ ಪಡುತ್ತಿರುವಾಗಲೇ ಅವರಿಗೆಲ್ಲ ಬೇರೆ ಕಡೆ ಮದುವೆಯಾಗಿ ಮಕ್ಕಳೂ ಆದವು. ಆ ಮಕ್ಕಳಲ್ಲಿ ಒಂದಿಬ್ಬರು ನಮ್ಮ ಕಾಲೇಜಿಗೇ ಸೇರಿದರು.

ಪ್ರವಾಸದ ಹಟ ತಂಗಿಯದು. ಅವಳಿರುವುದು ಗೌರಿಬಿದನೂರಿನಲ್ಲಿ, ಅವಳ ಗಂಡನಿಗೆ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಕೆಲಸ. ‘ಊಟಿಗೆ ಮಾತ್ರ ಹೋಗ್ಬೇಡ ಕಣೋ. ಅಲ್ಲಿ ನಿಮ್ ಕಾಲೇಜಿನ ಸ್ಟೂಡೆಂಟ್‌ಗಳೇ ಹನಿಮೂನಿಗೆ ಬಂದಿರ್ತಾರೆ’ ಎಂದಳು. ಗುರುತಿನವರು ಯಾರೂ ಸಿಗದ ಜಾಗವೆಂದು ಇಟಲಿ, ಗ್ರೀಸ್ ತೀರ್ಮಾನವಾಯಿತು. ಟಿಕೆಟ್ ಮಾಡಿಸಿದ್ದು ತಂಗಿಯ ಗಂಡನಿಗೆ ಪರಿಚಯವಿದ್ದ ಚಿಂತಾಮಣಿಯ ಏಜೆಂಟು. ಆತ ಅಲ್ಲಿಯವರೆಗೆ ಕಳಿಸುತ್ತಿದ್ದುದು ಕಾಶಿ, ಗಯಾ, ರಾಮೇಶ್ವರಕ್ಕೆ. ನಮ್ಮ ಪಟ್ಟಿಯನ್ನೂ ಅದೇ ಕೈಯಿಂದ ಬರೆದಿದ್ದ. ಹನ್ನೊಂದು ದಿನಕ್ಕೆ ರೋಮ್, ನೇಪಲ್ಸ್, ಪಲೆರ್ಮೋ, ಕತಾನಿಯಾ, ಅಥೆನ್ಸ್, ಆಮೇಲೆ ಎರಡು ದ್ವೀಪ. ಪ್ರತಿದಿನ ಬೆಳಿಗ್ಗೆ ಐದಕ್ಕೆ ಎದ್ದು ಸ್ನಾನ. ಮೊದಲ ಪುಟದಲ್ಲೇ ‘ಕೊಲೋಸಿಯಂ ದರ್ಶನ’ ಎಂದಿತ್ತು.

ಆದರೆ ನನ್ನ ಚಿಂತೆ ಆ ಪಟ್ಟಿಯದಾಗಿರಲಿಲ್ಲ. ಮದುವೆಯಾದ ಮೇಲೆ ನಾವು ಇರುವ ಮನೆ ಯಾವುದೆಂದು ಯಾರೂ ಮಾತಾಡಿರಲಿಲ್ಲ. ಚಿಕ್ಕಬಳ್ಳಾಪುರದ ನನ್ನ ಮನೆಗೆ ಸುಣ್ಣಬಣ್ಣ ಮಾಡಿಸಿದ್ದೆ, ಅವಳ ಎತ್ತರಕ್ಕೆ ತಕ್ಕಂತೆ ಅಡುಗೆಮನೆಯ ಕಟ್ಟೆ ಎತ್ತರಿಸಿದ್ದೆ. ಅವಳಿಗೆ ಶಿಡ್ಲಘಟ್ಟದ ಹೊರಗೆ ಹಿಪ್ಪುನೇರಳೆ ತೋಟ, ರೇಷ್ಮೆಹುಳದ ಮನೆ. ಇಪ್ಪತ್ತು ವರ್ಷಗಳಿಂದಲೂ ವರ್ಷಕ್ಕೆ ಐದು ರೇಷ್ಮೆಗೂಡಿನ ಬೆಳೆ ತೆಗೆಯುತ್ತಿದ್ದಳು. ಎರಡೂ ಕಡೆಯ ಹಿರಿಯರು, ಅದೇನು ಮಹಾ ದೂರ, ಒಂದು ಗಂಟೆಯ ಬಸ್ಸು, ಆಮೇಲೆ ನೋಡಿಕೊಂಡರಾಯಿತು ಎಂದು ಬಾಳೆಲೆಯ ಕಡೆ ತಿರುಗಿದ್ದರು. ಅವಳು ಹೇಳಿದ್ದು ಒಂದೇ ಮಾತು: ‘ಗೂಡು ಇಳಿಸಿದ್ ಮೇಲೆ ಸ್ವಲ್ಪ ಬಿಡುವಿದೆ. ಹೋಗ್ಬರಣ. ಚಾಕಿ ಹುಳ ಬರೋ ಹೊತ್ತಿಗೆ ಮಾತ್ರ ನಾನು ಮನೇಲಿರ್ಬೇಕು.’

ಚಾಕಿ ಹುಳವೆಂದರೆ ಎರಡು ಜ್ವರ, ಅಂದರೆ ಎರಡು ಸಲ ಪೊರೆ ಬಿಡುವುದನ್ನು, ದಾಟಿಸಿ ಸಾಕಣೆ ಕೇಂದ್ರದವರು ಕಳಿಸುವ ಎಳೆಯ ಹುಳ. ಅದು ನನಗೆ ಅರ್ಥವಾಯಿತು. ‘ಮನೇಲಿ’ ಎಂದರೆ ಯಾವ ಮನೆ ಎಂಬುದು ಅರ್ಥವಾಗಲಿಲ್ಲ. ಕೇಳಲು ಧೈರ್ಯವಿರಲಿಲ್ಲ. ಪ್ರವಾಸದಲ್ಲಿ ಕೇಳೋಣವೆಂದುಕೊಂಡೆ. ಎಲ್ಲಾದರೂ ಒಂದು ಒಳ್ಳೆಯ ಜಾಗದಲ್ಲಿ, ಗಾಳಿ ಬೀಸುವಾಗ.

ರೋಮಿನಲ್ಲಿ ಕೇಳಲಾಗಲಿಲ್ಲ. ಅಲ್ಲಿ ಬೀದಿಗಳಿಗೆಲ್ಲ ಕಲ್ಲು ಹಾಸಿದ್ದಾರೆ. ಸೂಟ್‌ಕೇಸಿನ ಒಂದು ಚಕ್ರ ಮೊದಲ ದಿನವೇ ಹೋಯಿತು. ಪಾಸ್‌ಪೋರ್ಟುಗಳಿಗೆಂದು ತಂಗಿ ಹೊಲಿದುಕೊಟ್ಟಿದ್ದ ಬಟ್ಟೆಯ ಚೀಲ ನನ್ನ ಬನಿಯನ್ನಿನೊಳಗಿತ್ತು. ನೂರು ಹೆಜ್ಜೆಗೊಮ್ಮೆ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಅದನ್ನು ಕಂಡ ಒಬ್ಬ ಮುದುಕಿ ನನಗೆ ಹೃದಯದ ಕಾಯಿಲೆ ಎಂದುಕೊಂಡು ಎದ್ದು ಜಾಗ ಕೊಟ್ಟಳು. ನಾನು ಕುಳಿತೆ. ನಿಜವಾಗಿಯೂ ಕಾಲು ನೋಯುತ್ತಿತ್ತು.

ನೇಪಲ್ಸ್ ಅವಳಿಗೆ ಹಿಡಿಸಿತು. ಹಾರ್ನು, ಬಾಲ್ಕನಿಯಲ್ಲಿ ಒಣಗುವ ಬಟ್ಟೆ, ಅಡ್ಡಾದಿಡ್ಡಿ ಸ್ಕೂಟರು. ಚಿಂತಾಮಣಿಯ ಸಂತೆಬೀದಿಯಂತೆಯೇ ಇದೆಯೆಂದು ಆರಾಮಾಗಿ ರಸ್ತೆ ದಾಟಿದಳು. ನಾನು ಈಚೆ ಬದಿಯಲ್ಲೇ ಉಳಿದೆ. ಐದು ನಿಮಿಷದ ನಂತರ ಅವಳೇ ಹಿಂದಕ್ಕೆ ಬಂದು ಕೈಹಿಡಿದು ದಾಟಿಸಿದಳು. ಮದುವೆಯ ಧಾರೆಯ ನಂತರ ನಾವು ಕೈಹಿಡಿದಿದ್ದು ಅದೇ ಮೊದಲು.

ಪಲೆರ್ಮೋದ ಹೊತ್ತಿಗೆ ಇಬ್ಬರಿಗೂ ಮಾತು ಕಮ್ಮಿಯಾಗಿತ್ತು. ಜಗಳವಲ್ಲ, ದಣಿವು. ಐದಕ್ಕೆ ಎದ್ದು, ಚಟ್ನಿಪುಡಿ ಹಾಕಿಕೊಂಡು ಬ್ರೆಡ್ ತಿಂದು, ಚರ್ಚು ನೋಡಿ, ಇನ್ನೊಂದು ಚರ್ಚು ನೋಡಿ, ಮಧ್ಯಾಹ್ನದ ಬಿಸಿಲಲ್ಲಿ ಸ್ಟೇಷನ್ನಿಗೆ ನಡೆಯುವುದು. ಪುಣ್ಯವಾದರೂ ಬರುತ್ತದೆಂದಿದ್ದರೆ ಸಹಿಸಬಹುದಿತ್ತು.

ಅವಳು ದಿನಾ ಒಂದು ಹೊತ್ತು ಮನೆಗೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಅಲ್ಲಿ ಹುಳದ ಮನೆ ನೋಡಿಕೊಳ್ಳುತ್ತಿದ್ದುದು ತೆಲುಗು ಮಾತಾಡುವ ಒಬ್ಬ ಹೆಂಗಸು; ವಯಸ್ಸಿನಲ್ಲಿ ದೊಡ್ಡವಳಾದ್ದರಿಂದ ನಾವು ಅಕ್ಕ ಎನ್ನುತ್ತಿದ್ದೆವು. ಅಕ್ಕ ಫೋನು ಹಿಡಿದು ತೊಳೆದ ತಟ್ಟೆ, ಬಿಸಿಲಿಗಿಟ್ಟ ಗೂಡು ಕಟ್ಟಿಸುವ ಬಿದಿರು ಚಂದ್ರಿಕೆ, ನೆಲಕ್ಕೆ ಎರಚಿದ ಸುಣ್ಣದ ಪುಡಿ ಎಲ್ಲ ತೋರಿಸುತ್ತಿದ್ದಳು. ಅಥೆನ್ಸಿನಲ್ಲಿ ಬೆಟ್ಟ ಹತ್ತಿ ಆ ಪುರಾತನ ಕಂಬಗಳೆದುರು ನಿಂತಾಗ ನನ್ನ ಹೆಂಡತಿ ನೋಡುತ್ತಿದ್ದುದು ಶಿಡ್ಲಘಟ್ಟದ ಗೋಡೆಯ ಮೂಲೆ. ಅಲ್ಲಿ ಇರುವೆ ಸಾಲಿತ್ತಂತೆ. ನಾನು ಅಡುಗೆಮನೆಯ ಕಟ್ಟೆಯ ವಿಷಯ ಎತ್ತಬೇಕೆಂದಿದ್ದೆ. ನಾನೂ ಆ ಇರುವೆ ಸಾಲನ್ನೇ ಬಗ್ಗಿ ನೋಡಿದೆ.

ಅದಕ್ಕೂ ಮೊದಲು ಕತಾನಿಯಾದಲ್ಲಿ ಒಂದು ಸಂಜೆ ಇತ್ತು. ಹೋಟೆಲಿನವನು ಕಪ್ಪುನೇರಳೆ ಬಣ್ಣದ ಪುಡಿ ಮಂಜು ತಂದಿಟ್ಟ. ಅವಳು ಒಂದು ಚಮಚ ತಿಂದು ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡಳು. ಹಿಪ್ಪುನೇರಳೆ ಹಣ್ಣು. ಇಪ್ಪತ್ತು ವರ್ಷ ಅದೇ ತೋಟದಲ್ಲಿದ್ದೂ ಹಣ್ಣನ್ನು ಸರಿಯಾಗಿ ತಿಂದಿಲ್ಲವೆಂದಳು. ಸೊಪ್ಪಿಗಾಗಿ ಕತ್ತರಿಸುತ್ತಲೇ ಇರುತ್ತೇವೆ, ಹಣ್ಣಾಗಲು ಪುರುಸೊತ್ತೆಲ್ಲಿ. ಇನ್ನೊಂದು ಲೋಟ ತರಿಸಿದೆವು. ಅವಳ ನಾಲಿಗೆ ಕಪ್ಪಾಗಿತ್ತು, ಕನ್ನಡಿಯಲ್ಲಿ ನೋಡಿಕೊಂಡು ನಕ್ಕಳು. ಕೇಳಲು ಅದೇ ಒಳ್ಳೆಯ ಜಾಗವಾಗಿತ್ತು. ನಗು ನಿಂತುಹೋದೀತೆಂದು ಕೇಳಲಿಲ್ಲ.

ಕೊನೆಯ ದ್ವೀಪ ನಕ್ಸೋಸ್. ಹೊರಡುವ ದಿನ ಗಾಳಿಯೆದ್ದಿತು. ಮೂಟೆ ಸಮೇತ ಬಂದರಿಗೆ ಹೋದರೆ ಹಡಗು ರದ್ದು. ನಾಳೆ ಇರಬಹುದು, ಇರದೆಯೂ ಇರಬಹುದು ಎಂದು ಕಿಟಕಿಯ ಹಿಂದಿನ ಹೆಂಗಸು ಭುಜ ಹಾರಿಸಿದಳು. ನನ್ನ ಹೆಂಡತಿ ಸೂಟ್‌ಕೇಸಿನ ಮೇಲೆ ಕುಳಿತಳು. ಅಷ್ಟು ದಿನ ರಸ್ತೆ ದಾಟಿಸಿದವಳ ಮುಖ ಬಿಳಿಚಿಕೊಂಡಿತ್ತು.

‘ಹುಳ ಬಂದ್ಬಿಡತ್ತೆ’ ಎಂದಳು. ‘ನಾನು ಇಲ್ದೆ ಬಂದ್ಬಿಡತ್ತೆ.’

ಈಗ ಹೇಳಲು ಸಂಕೋಚವಾಗುತ್ತದೆ, ಆ ಗಳಿಗೆ ನನಗೆ ಸಮಾಧಾನವಾಗಿತ್ತು. ಈ ಹಡಗು ನಿಲ್ಲುತ್ತದೆಂದು ನಾನು ಮೂರು ತಿಂಗಳಿಂದ ಹೆದರಿಕೊಂಡೇ ಬಂದಿದ್ದೆ. ಏಜೆಂಟು ನಗುತ್ತಿದ್ದರೂ ಬಿಡದೆ, ಅಥೆನ್ಸಿನ ವಿಮಾನಕ್ಕೆ ಮೊದಲು ಒಂದು ಖಾಲಿ ದಿನ ಹಾಕಿಸಿದ್ದೆ. ಸಣ್ಣ ವೇಗದ ದೋಣಿಗಳು ನಿಂತರೂ ದೊಡ್ಡ ಹಡಗು ಸಾಮಾನ್ಯವಾಗಿ ಹೊರಡುತ್ತದೆಂದು ಓದಿ, ಅದರ ವೇಳೆ ಬರೆದಿಟ್ಟಿದ್ದೆ. ಚಾಕಿ ಕೇಂದ್ರದ ಫೋನ್ ನಂಬರನ್ನೂ ಅವಳಿಗೆ ಗೊತ್ತಿಲ್ಲದ ಹಾಗೆ ಅಕ್ಕನಿಂದ ತೆಗೆದುಕೊಂಡಿದ್ದೆ. ಫೈಲು ಬಿಚ್ಚಿ ಒಂದೊಂದೇ ತೋರಿಸಿದೆ. ಕೇಂದ್ರಕ್ಕೆ ಅಲ್ಲಿಂದಲೇ ಫೋನು ಮಾಡಿದೆ; ತೀರಾ ತಡವಾದರೆ ಒಂದು ದಿನ ಅವರಲ್ಲೇ ಸೊಪ್ಪು ಹಾಕಿ ಇಟ್ಟುಕೊಳ್ಳುವುದಾಗಿ ಒಪ್ಪಿದರು. ಜೀವಮಾನವಿಡೀ ದಂಡಕ್ಕೆ ದುಡಿದ ನನ್ನ ಚಿಂತೆ ಅವತ್ತು ಮೊದಲ ಸಲ ಸಂಬಳ ತಂದಿತು.

ಅವಳು ಫೈಲನ್ನು ತಿರುವಿ ಹಾಕಿ ನೋಡಿದಳು. ಭೂಕಂಪವಾದರೆ ಏನು ಮಾಡಬೇಕೆಂಬ ಪುಟವೂ ಇತ್ತು. ನಗಲಿಲ್ಲ.

ಬಂದರಿನ ಹಿಂದಿನ ಓಣಿಯಲ್ಲಿ, ಬುಡಕ್ಕೆ ಸುಣ್ಣ ಬಳಿದ ಒಂದು ಮರದ ಕೆಳಗೆ ಗಾಳಿಗೆ ಮರೆಯಾಗಿ ಕುಳಿತೆವು. ಅದೂ ಹಿಪ್ಪುನೇರಳೆಯೇ. ಅವಳು ಒಂದು ಎಲೆ ಕಿತ್ತು, ಬೆರಳಲ್ಲಿ ಉಜ್ಜಿ, ದಪ್ಪ ಜಾಸ್ತಿ, ನಮ್ಮ ಹುಳಕ್ಕೆ ಆಗದು ಎಂದಳು. ಆಮೇಲೆ ತಾನಾಗಿಯೇ ಹೇಳತೊಡಗಿದಳು. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ಹೇಗೆ ಹಗಲು ರಾತ್ರಿ ತಿನ್ನುತ್ತದೆ, ಸೊಪ್ಪು ಒದ್ದೆಯಾದರೆ ಭಯ, ಸೆಕೆಯಾದರೆ ಭಯ, ಪಕ್ಕದ ತೋಟದವರು ಔಷಧಿ ಹೊಡೆದರೆ ಭಯ. ನನಗೆ ಆಶ್ಚರ್ಯ. ಇದೆಲ್ಲ ನನ್ನ ಭಾಷೆ.

‘ಒಬ್ಳೇ ಹೆದ್ರಿ ಹೆದ್ರಿ ಸಾಕಾಗಿದೆ ಕಣ್ರೀ’ ಎಂದಳು. ‘ಹೆದ್ರೋಕೆ ಇನ್ನೊಬ್ರು ಇದ್ರೆ, ನಾನೂ ಒಂದು ನಿದ್ದೆ ಮಾಡ್ಬೋದು.’

ಬನ್ನಿ ಎನ್ನಲಿಲ್ಲ. ಅವಳು ನನ್ನ ಮನೆಗೆ ಬರುತ್ತಾಳೋ ಇಲ್ಲವೋ ಎಂಬ ಚಿಂತೆಯನ್ನು ಏಳು ಊರು ಹೊತ್ತು ತಿರುಗಿದ್ದ ನನಗೆ, ನಾನೇ ಹೋಗಬಹುದೆಂಬುದು ಒಮ್ಮೆಯೂ ಹೊಳೆದಿರಲಿಲ್ಲ. ಎಲ್ಲ ಅನಾಹುತಗಳ ಪಟ್ಟಿ ಮಾಡಿದ್ದೆ, ಇದೊಂದನ್ನು ಬಿಟ್ಟಿದ್ದೆ.

ಮರುದಿನ ಮಧ್ಯಾಹ್ನ ದೊಡ್ಡ ಹಡಗು ಹೊರಟಿತು. ದಾರಿಯುದ್ದಕ್ಕೂ ನಾನು ವಾಂತಿ ಮಾಡಿಕೊಂಡೆ. ಅದಕ್ಕೆ ಫೈಲಿನಲ್ಲಿ ಮಾತ್ರೆಯ ಹೆಸರಿತ್ತು, ಮಾತ್ರೆ ಇರಲಿಲ್ಲ.

ಬೆಂಗಳೂರಲ್ಲಿ ಇಳಿದಾಗ ಬೆಳಿಗ್ಗೆ ಹತ್ತು. ಟ್ಯಾಕ್ಸಿ ಹತ್ತಿದೆವು. ದೇವನಹಳ್ಳಿಯಲ್ಲಿ ದಾರಿ ಕವಲೊಡೆಯುತ್ತದೆ. ನೇರ ಹೋದರೆ ಚಿಕ್ಕಬಳ್ಳಾಪುರ, ಬಲಕ್ಕೆ ವಿಜಯಪುರದ ಮೇಲೆ ಶಿಡ್ಲಘಟ್ಟ. ಡ್ರೈವರು ಕನ್ನಡಿಯಲ್ಲಿ ನೋಡಿ, ಯಾವ ಕಡೆ ಎಂದು ಕೇಳಿದ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಎತ್ತರಿಸಿದ ಅಡುಗೆಕಟ್ಟೆ ನೆನಪಾಯಿತು. ಅದರ ಮೇಲೆ ಇನ್ನೂ ಯಾರೂ ಒಂದು ಲೋಟವನ್ನೂ ಇಟ್ಟಿರಲಿಲ್ಲ.

‘ಬಲಕ್ಕೆ ತಗೊಳಪ್ಪ’ ಎಂದೆ.

ಅವಳು ತಿರುಗಲಿಲ್ಲ. ಸ್ವಲ್ಪ ಹೊತ್ತಿಗೆ ತಲೆ ಸೀಟಿಗೆ ಒರಗಿತು. ವಿಜಯಪುರ ದಾಟುವ ಮೊದಲೇ ನಿದ್ದೆ ಹೋಗಿದ್ದಳು, ಬಾಯಿ ತೆರೆದುಕೊಂಡು. ಹನ್ನೊಂದು ದಿನದಲ್ಲಿ ನನಗಿಂತ ಮೊದಲು ಅವಳು ನಿದ್ದೆ ಮಾಡಿದ್ದನ್ನು ನಾನು ನೋಡಿರಲಿಲ್ಲ.

ತೋಟದ ಮುಂದೆ ಕಾರು ನಿಂತಾಗಲೂ ಎಚ್ಚರವಾಗಲಿಲ್ಲ. ಅಕ್ಕ ಕೈ ಒರೆಸಿಕೊಳ್ಳುತ್ತಾ ನನ್ನ ಕಿಟಕಿಯ ಬಳಿ ಬಂದಳು. ಮೂರು ಚಕ್ರದ ಸೂಟ್‌ಕೇಸು, ನಾನು, ಎರಡನ್ನೂ ನೋಡಿದಳು.

‘ಉಂಟಾರಾ ಸಾರ್, ಪೋತಾರಾ?’

ಇರುತ್ತೀರೋ, ಹೋಗುತ್ತೀರೋ. ಅಷ್ಟು ತೆಲುಗು ನನಗೂ ಬರುತ್ತದೆ. ಮೆಲ್ಲಗೆ ಮಾತಾಡೆಂದು ಸನ್ನೆ ಮಾಡಿ, ಇರುತ್ತೇನೆ ಎಂದೆ. ಹಾಗಾದರೆ ಚಪ್ಪಲಿ ಅಲ್ಲೇ ಬಿಡಿ, ವಾಸನೆಯ ಸೋಪು ಮುಟ್ಟದೆ ಸ್ನಾನ ಮಾಡಿ, ಆಮೇಲೆ ಒಳಗೆ ಎಂದಳು. ನಾನು ಜಗುಲಿಯ ಮೇಲೆ ಕುಳಿತು ಶೂ ಬಿಚ್ಚಿದೆ. ಕಾಲು ಊದಿಕೊಂಡಿತ್ತು.

‘ಹುಳ ನಾಳೆ ಎಷ್ಟು ಗಂಟೆಗೆ ಬರತ್ತಕ್ಕಾ?’ ಎಂದು ಕೇಳಿದೆ. ‘ಗಾಡಿ ಕೆಟ್ಟೋದ್ರೆ?’