ಮಳೆಗಾಲದಲ್ಲಿ ಬಂದ ರಕ್ತ

ನಮ್ಮನೆಯವರಿಗೆ ಮೂಗಿನಲ್ಲಿ ರಕ್ತ ಬರುತ್ತದೆಂದು ಮದುವೆಯಾದ ವರ್ಷವೇ ನನಗೆ ಗೊತ್ತಾಗಿತ್ತು. ಅವರು ಅತ್ತಿಗುಂಡಿಯಿಂದ ಬೆಟ್ಟಕ್ಕೆ ಪ್ರವಾಸಿಗರನ್ನು ಜೀಪಿನಲ್ಲಿ ಕರೆದೊಯ್ಯುತ್ತಿದ್ದರು. ಕಾಫಿ ಕೊಯ್ಲು ಶುರುವಾಗಿ ಒಣಗಾಳಿ ಬೀಸತೊಡಗಿದರೆ ಮೊದಲು ಅವರ ತುಟಿ ಒಡೆಯುತ್ತಿತ್ತು, ಹಿಂದೆಯೇ ಮೂಗು. ರಸ್ತೆಯ ದೂಳು ಬೇರೆ. ಅಂಗಿಯ ಮೇಲೆ ಹನಿ ಬಿದ್ದ ಮೇಲೆಯೇ ಅವರಿಗೆ ತಿಳಿಯುವುದು. ಅತ್ತೆ ಅವರ ನೆತ್ತಿಗೆ ತಣ್ಣೀರು ತಟ್ಟಿ, ಈರುಳ್ಳಿ ಜಜ್ಜಿ ಮೂಸಲು ಕೊಡುತ್ತಿದ್ದರು. ತಲೆ ಹಿಂದಕ್ಕೆ ಹಾಕಬಾರದು, ಮುಂದಕ್ಕೆ ಬಗ್ಗಿ ಮೂಗಿನ ಮೆತ್ತಗಿನ ಭಾಗವನ್ನು ಒತ್ತಿ ಹಿಡಿಯಬೇಕು ಎಂದು ಆಸ್ಪತ್ರೆಯ ಸಿಸ್ಟರ್ ಹೇಳಿಕೊಟ್ಟ ಮೇಲೆ ನಾನು ಹಾಗೆ ಮಾಡಿಸುತ್ತಿದ್ದೆ. ಮೊದಲ ಮಳೆ ಬಿದ್ದು ಕಾಫಿ ಹೂವಾಗುವ ಹೊತ್ತಿಗೆ ಎಲ್ಲ ನಿಂತುಹೋಗುತ್ತಿತ್ತು. ತಮ್ಮದು ಬರೀ ಗಾಳಿಯ ಕಾಯಿಲೆ ಎಂದು ಅವರು ನಗುತ್ತಿದ್ದರು.

ಒಂದು ವರ್ಷ ಅದು ಆಷಾಢದಲ್ಲಿ ಬಂತು. ಮಳೆ ಹಿಡಿದು ಎಷ್ಟೋ ದಿನವಾಗಿತ್ತು. ಒಗೆದ ಬಟ್ಟೆಯನ್ನು ಒಲೆಯ ಮೇಲೆ ಹರವಿದರೂ ವಾಸನೆ ಹೋಗುತ್ತಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತವರು ಕೈ ತಡೆದು ನನ್ನ ಮುಖ ನೋಡಿದರು. ಅನ್ನದ ಮೇಲೆ ರಕ್ತ ಬಿದ್ದಿತ್ತು.

ಬಗ್ಗಿ ಮೂಗು ಹಿಡಿದುಕೊಂಡರು. ನಿಲ್ಲಲಿಲ್ಲ. ಗಂಟಲಿಗೆ ಇಳಿದದ್ದನ್ನು ಉಗುಳುತ್ತಲೇ ಇದ್ದರು. ಉಷ್ಣ ಆಗಿರಬೇಕು, ಸ್ವಲ್ಪ ಮಜ್ಜಿಗೆ ಕೊಡು ಎಂದರು.

"ಈ ಮಳೇಲಿ ಎಂಥ ಉಷ್ಣ ಕಣ್ರೀ? ಇದು ಯಾವತ್ತಿನ ಥರದ್ದಲ್ಲ, ಏಳಿ."

ಪಕ್ಕದ ಮನೆಯವರು ತಮ್ಮ ಜೀಪು ತೆಗೆದರು. ಮಂಜಿನಲ್ಲಿ ಘಾಟಿ ಇಳಿಯುವಾಗ ನಮ್ಮವರು ಮೂಗಿಗೆ ಒತ್ತಿ ಹಿಡಿದ ಟವೆಲಿನೊಳಗಿಂದಲೇ ಅವರಿಗೆ ತಿರುವು ಹೇಳುತ್ತಿದ್ದರು. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ಮೂಗಿಗೆ ಬಟ್ಟೆ ತುರುಕಿ ರಕ್ತ ನಿಲ್ಲಿಸಿದರು. ಆಮೇಲೆ ಬಿಪಿ ನೋಡಿದರು, ಮತ್ತೊಮ್ಮೆ ನೋಡಿದರು. ತಲೆನೋವು ಬರುತ್ತಿತ್ತೇ ಎಂದು ಡಾಕ್ಟರು ಕೇಳಿದ್ದಕ್ಕೆ, ಬಹಳ ದಿನದಿಂದ ಇದೆ, ಜೀಪಿನ ಕುಲುಕಾಟಕ್ಕೆ ಅಂದುಕೊಂಡಿದ್ದೆ ಎಂದರು. ನನಗೆ ಅದೂ ಗೊತ್ತಿರಲಿಲ್ಲ.

ಮರುದಿನ ರಕ್ತಪರೀಕ್ಷೆಯ ವರದಿ ನೋಡಿ ಡಾಕ್ಟರು ನನ್ನನ್ನೂ ಒಳಗೆ ಕರೆದರು.

"ಮೂಗಿಂದು ನಿಂತಿದೆಯಮ್ಮ. ಬಿಪಿ ಸುಮಾರು ವರ್ಷದಿಂದ ಇರಬೇಕು. ಅದರಿಂದ ಕಿಡ್ನಿಗೆ ಪೆಟ್ಟಾಗಿದೆ. ಇನ್ನೂ ಕೆಡದ ಹಾಗೆ ನೋಡ್ಕೋಬಹುದು, ಮೊದಲಿನ ಹಾಗೆ ಮಾಡೋಕೆ ಆಗಲ್ಲ."

ನಮ್ಮವರು ಜೀಪು ಓಡಿಸಬಹುದೇ ಎಂದಷ್ಟೇ ಕೇಳಿದರು. ಡಾಕ್ಟರು ಸದ್ಯಕ್ಕೆ ಬೇಡ ಎಂದರು.

ಆ 'ಸದ್ಯಕ್ಕೆ' ಇನ್ನೂ ಮುಗಿದಿಲ್ಲ. ಅವರು ಓಡಿಸುತ್ತಿದ್ದ ಜೀಪಿನ ಓನರು ಒಳ್ಳೆಯವರೇ, ಒಂದಷ್ಟು ದಿನ ಕಾದು ನೋಡಿ ಬೇರೆಯವರಿಗೆ ಕೀ ಕೊಟ್ಟರು. ನಾನು ಊರಿನ ಹೋಂಸ್ಟೇಯೊಂದರ ಅಡುಗೆಮನೆಯಲ್ಲಿ ಎರಡು ಹೊತ್ತೂ ಕೆಲಸಕ್ಕೆ ನಿಂತೆ. ನಮ್ಮವರ ಪಾಲಿನ ಸಾರಿಗೆ ಉಪ್ಪು ಹಾಕುವುದನ್ನು ಬಿಟ್ಟೆ. ಅವರು ಒಮ್ಮೆಯೂ ಉಪ್ಪು ಕೇಳದೆ ಉಣ್ಣುತ್ತಿದ್ದರು. ಅದೇ ನನಗೆ ಹೆಚ್ಚು ಸಂಕಟ.

ಹೋದ ಚಳಿಗಾಲ, ಕಣದಲ್ಲಿ ಕಾಫಿ ಒಣಗುತ್ತಿದ್ದಾಗ, ಮತ್ತೆ ರಕ್ತ ಬಂತು. ತೆಳ್ಳಗೆ, ಹಳೇ ಥರ. ಒತ್ತಿ ಹಿಡಿದ ಸ್ವಲ್ಪ ಹೊತ್ತಿಗೆ ನಿಂತಿತು.

"ಇದು ಗಾಳಿದು ಕಣೇ, ಹೆದರ್ಬೇಡ" ಎಂದರು.

ನಂಬಬೇಕೆನಿಸಿತು. ಆದರೂ ಬಸ್ಸು ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬಿಪಿ ಹತೋಟಿಯಲ್ಲೇ ಇತ್ತು. ಒಣಹವೆಗೆ ಆಗಿದ್ದು ಎಂದು ಮೂಗಿಗೆ ಹಚ್ಚಲು ಮುಲಾಮು ಕೊಟ್ಟರು. ವರದಿಯಲ್ಲಿ ಕಿಡ್ನಿಯ ಶಕ್ತಿ ಮಾತ್ರ ಮೊದಲಿಗಿಂತ ಇನ್ನೂ ಸ್ವಲ್ಪ ಇಳಿದಿತ್ತು.

ವಾಪಸ್ಸು ಬರುವಾಗ ಅವರು ಕಿಟಕಿ ಪಕ್ಕ ಕೂತಿದ್ದರು. ಪ್ರವಾಸಿಗರನ್ನು ತುಂಬಿಕೊಂಡ ಜೀಪೊಂದು ನಮ್ಮ ಬಸ್ಸನ್ನು ಹಿಂದೆ ಹಾಕಿ ಮೇಲೇರಿತು. ಅದರ ದೂಳು ಒಳಗೆ ಬಂತು. ಅವರು ಗಾಜು ಎಳೆದು ಮುಚ್ಚಿದರು.