ಗೌರವ್ವನ ತುಕಡಾ

ಹಳೆಯ ಹಾಸ್ಯಚಿತ್ರವೊಂದು ಟಿ.ವಿ.ಯಲ್ಲಿ ಬರುತ್ತಿರುವಾಗ ಮನೆಯಲ್ಲಿ ಅರವತ್ತು ದಾಟಿದವರು ಯಾರಾದರೂ ಇದ್ದರೆ, ಒಂದಲ್ಲ ಒಂದು ಹೊತ್ತಿಗೆ ಅವರು "ಇಲ್ಲೊಂದು ಸೀನ್ ಇತ್ತಲ್ಲ, ಎಲ್ಲಿ ಹೋತದು?" ಎಂದು ಕೇಳದೆ ಬಿಡುವುದಿಲ್ಲ ಎಂಬುದನ್ನು ನೀವೂ ಗಮನಿಸಿರಬಹುದು. ನೆನಪು ಬಲು ಧಾರಾಳಿ, ಇದ್ದದ್ದರ ಜೊತೆ ಇಲ್ಲದ್ದನ್ನೂ ಕೊಸರಾಗಿ ಹಾಕಿ ಕೊಡುತ್ತದೆ ಎಂದು ನಂಬಿಕೊಂಡಿದ್ದ ನಾನು, ಅಂಥ ಮಾತು ಕಿವಿಗೆ ಬಿದ್ದಾಗಲೆಲ್ಲ ಒಂದು ಮುಗುಳ್ನಗೆ ಬೀರಿ ಸುಮ್ಮನಾಗುತ್ತಿದ್ದೆ. ನಿವೃತ್ತ ಕನ್ನಡ ಅಧ್ಯಾಪಕನ ಮುಗುಳ್ನಗೆ ನೋಡುವವರಿಗೆ ಎಷ್ಟು ಹಿಂಸೆಯೆಂಬುದನ್ನು ನನ್ನ ಹೆಂಡತಿ ಆಗಾಗ ತಿಳಿಸಿಕೊಟ್ಟಿದ್ದಾಳೆ.

ನಿವೃತ್ತಿಯ ನಂತರ ಸಿಂಧನೂರಿನಲ್ಲಿ ಕೂತು ನಾನು ಮಾಡುತ್ತಿರುವ ಘನಕಾರ್ಯವನ್ನೂ ಹೇಳಿಬಿಡುತ್ತೇನೆ. ಹಳೆಯ ಹಾಸ್ಯಚಿತ್ರಗಳನ್ನು ತೊಳೆದು ಬಳಿದು, ಮನೆಯಲ್ಲೇ ಹಾಕಿಕೊಂಡು ನೋಡುವ ಡಿಸ್ಕುಗಳಾಗಿ ಹೊರತರುವ ಚಿಕ್ಕ ಸಂಸ್ಥೆಯೊಂದು ಬೆಂಗಳೂರಿನಲ್ಲಿದೆ. ಡಿಸ್ಕಿನ ಜೊತೆ ಇಡುವ ಕಿರುಹೊತ್ತಿಗೆಗೆ ನಾಲ್ಕು ಪುಟದ ಟಿಪ್ಪಣಿ ಬರೆಯುವವನು ನಾನು. ಡಿಸ್ಕು ತೆಗೆದ ಮೇಲೆ ಆ ಹೊತ್ತಿಗೆ ಎಲ್ಲಿಗೆ ಹೋಗುತ್ತದೆಂಬುದು ನನಗೂ ಗೊತ್ತು, ನಿಮಗೂ ಗೊತ್ತು. ಗುಡಿಯ ಜೀರ್ಣೋದ್ಧಾರ ಮಾಡಿಸಿದವರಿಗೆ ಹೆಸರು ಕೆತ್ತಿದ ಕಲ್ಲಾದರೂ ಸಿಗುತ್ತದೆ. ನಗೆಯ ಜೀರ್ಣೋದ್ಧಾರಕ್ಕೆ ನಿಂತವನಿಗೆ ಮನೆಮಂದಿಯ ನಗೆಯೇ ಸನ್ಮಾನ.

ಈ ಬೇಸಿಗೆಯಲ್ಲಿ ಆ ಸಂಸ್ಥೆ ಕೈಗೆತ್ತಿಕೊಂಡ ಕಪ್ಪು-ಬಿಳುಪು ಚಿತ್ರದ ಒಂದಿಷ್ಟು ಭಾಗವನ್ನು ನಮ್ಮ ಮುದಗಲ್ಲಿನ ಕೋಟೆಯಲ್ಲಿ ತೆಗೆದಿದ್ದರು. ಬಿಡುಗಡೆಯಾದಾಗ ಸೋತು ಸುಣ್ಣವಾದ ಆ ಚಿತ್ರಕ್ಕೆ ಉಳಿದದ್ದು ಒಂದೇ ಪ್ರಿಂಟು, ಅದೂ ನಮ್ಮ ಸೀಮೆಯ ಟೆಂಟುಗಳಲ್ಲಿ ಸುತ್ತಿ ಸುತ್ತಿ ಸವೆದದ್ದು. ಅದರಲ್ಲೊಂದು ವಿಚಿತ್ರವಿದೆ. ಹಾಸ್ಯನಟ ಒಣಗಿದ ಬನಿಯನ್ನಿನಲ್ಲಿ ಬಾವಿಯ ಬಳಿ ಬಂದು ಹೆಂಗಸರ ಮಾತಿಗೆ ಕಿವಿಗೊಟ್ಟು ನಿಲ್ಲುತ್ತಾನೆ. ಮರುಗಳಿಗೆಯಲ್ಲಿ ತಲೆಯಿಂದ ಕಾಲಿನವರೆಗೆ ತೊಯ್ದು ತೊಪ್ಪೆಯಾಗಿ ಓಡುತ್ತಿರುತ್ತಾನೆ. ನಡುವೆ ಏನಾಯಿತೆಂಬುದು ಇಲ್ಲ. ಮಸ್ಕಿಯ ಗೌರವ್ವನ ಪ್ರಕಾರ ನಡುವೆ ಆದದ್ದು ಗೌರವ್ವ.

ಈ ಗೌರವ್ವ ಹುಟ್ಟಿದ್ದು ಮುದಗಲ್ಲಿನಲ್ಲಿ. ಚಿತ್ರದವರು ಬಂದಾಗ ಆಕೆಗಿನ್ನೂ ಮದುವೆಯಾಗಿರಲಿಲ್ಲ. ಬಾವಿಕಟ್ಟೆಯಲ್ಲಿ ನಿಂತ ಹುಡುಗಿಯರಲ್ಲಿ ಈಕೆಯನ್ನು ಕರೆದು, ಉಟ್ಟ ಸೀರೆಯಲ್ಲೇ ನಿಲ್ಲಿಸಿ, ತುಂಬಿದ ಕೊಡವನ್ನು ನಟನ ನೆತ್ತಿಯ ಮೇಲೆ ಸುರುವು ಅಂದರಂತೆ, ಈಕೆ ಸುರುವಿದಳಂತೆ. ಮುಂದೆ ಮಸ್ಕಿಯ ಕಿರಾಣಿ ಅಂಗಡಿಯ ಶರಣಪ್ಪನವರ ಕೈಹಿಡಿದು ಬಂದ ವರ್ಷ ಅದೇ ಚಿತ್ರ ಮಸ್ಕಿಯ ಟೆಂಟಿಗೆ ಬಂತು. ಹೊಸ ಗಂಡನನ್ನು ಕರೆದುಕೊಂಡು ಹೋಗಿ, ಈಗ ಬರುತ್ತೇನೆ, ಈಗ ಬರುತ್ತೇನೆ ಎಂದು ಉಸಿರು ಬಿಗಿಹಿಡಿದು ಕೂತರೆ, ನಟ ನೀರಿಲ್ಲದೆಯೇ ತೊಯ್ದು ಓಡಿಹೋದ. ಅಂದಿನಿಂದ ಗೌರವ್ವನಿಗೆ ಮನೆಯಲ್ಲಿ 'ಸಿನಿಮಾದಾಕಿ' ಎಂದು ಹೆಸರಾಯಿತು. ಆ ಹೆಸರಿನಲ್ಲಿ ಪ್ರೀತಿ ಎಷ್ಟಿತ್ತೋ ಅಪನಂಬಿಕೆಯೂ ಅಷ್ಟೇ ಇತ್ತು.

ದೃಶ್ಯ ಹೋದದ್ದೆಲ್ಲಿ? ಆಗ ಲಿಂಗಸುಗೂರಿನ ಟೆಂಟಿಗೂ ಮಸ್ಕಿಯ ಟೆಂಟಿಗೂ ಸೇರಿ ಒಂದೇ ಪ್ರಿಂಟು. ಅಲ್ಲಿ ಓಡಿ ಮುಗಿದ ರೀಲು ಬಸ್ಸಿನ ನೆತ್ತಿ ಹತ್ತಿ, ಸಂತೆಕಲ್ಲೂರು ದಾಟಿ ಇಲ್ಲಿಗೆ ಬರಬೇಕು. ಬಸ್ಸು ತಡವಾದರೆ ಜನ ಸುಮ್ಮನಿರುವವರಲ್ಲ. ಅದಕ್ಕೆಂದೇ ಮಸ್ಕಿಯ ಟೆಂಟಿನಲ್ಲಿ ಚಿತ್ರ ಓಡಿಸುತ್ತಿದ್ದ ಆಪರೇಟರು ಬಂದ ಚಿತ್ರಗಳಿಂದೆಲ್ಲ ನಗೆಯ ಚೂರುಗಳನ್ನು ಕತ್ತರಿಸಿ ಒಂದಕ್ಕೊಂದು ಅಂಟಿಸಿ ಒಂದು ಸುರುಳಿ ಮಾಡಿಟ್ಟುಕೊಂಡಿದ್ದ. ಅದಕ್ಕೆ 'ತುಕಡಾ' ಎಂದು ಹೆಸರು. ನಾಯಕಿಯ ತಾಯಿ ಕೊನೆಯುಸಿರೆಳೆಯುವ ಹೊತ್ತಿಗೆ ಬಸ್ಸು ಎಲ್ಲೋ ಕೆಟ್ಟು ನಿಂತಿತೆಂದರೆ ಇತ್ತ ತುಕಡಾ ಶುರು. ಜನ ಅಳುವನ್ನು ಅರ್ಧಕ್ಕೆ ನಿಲ್ಲಿಸಿ ಹೊಟ್ಟೆ ಹಿಡಿದು ನಕ್ಕು, ರೀಲು ಬಂದ ಮೇಲೆ ಬಿಟ್ಟಲ್ಲಿಂದ ಮತ್ತೆ ಅಳುತ್ತಿದ್ದರು. ಕಾಲೇಜಿನಲ್ಲಿ ವರ್ಷಗಟ್ಟಲೆ ರಸಸಿದ್ಧಾಂತ ಪಾಠ ಮಾಡಿದ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಗೌರವ್ವನ ಕೊಡವೂ ಆ ಸುರುಳಿ ಸೇರಿತ್ತು. ಆದರೆ ಗೌರವ್ವ ಶರಣಪ್ಪನವರನ್ನು ಕರೆದುಕೊಂಡು ಟೆಂಟಿಗೆ ಹೋದ ದಿನವೆಲ್ಲ ಬಸ್ಸು ಸರಿಯಾದ ವೇಳೆಗೆ ಬಂದುಬಿಡುತ್ತಿತ್ತು. ಸರ್ಕಾರಿ ಬಸ್ಸು ಹೊತ್ತಿಗೆ ಸರಿಯಾಗಿ ಬಂದದ್ದಕ್ಕೆ ಕಣ್ಣೀರು ಹಾಕಿದ ಏಕೈಕ ವ್ಯಕ್ತಿ ಗೌರವ್ವನೇ ಇರಬೇಕು.

ಇಷ್ಟೇ ಆಗಿದ್ದರೆ ಇದು ನಕ್ಕು ಬಿಡುವ ಮಾತು. ಆದರೆ ಕಳೆದ ವರ್ಷದಿಂದ ಶರಣಪ್ಪನವರ ಕಣ್ಣಿನ ನರ ಒಣಗುತ್ತ ಬಂದಿದೆ. ಸುತ್ತಲಿನದೆಲ್ಲ ಕತ್ತಲಾಗಿ, ನಳಿಗೆಯೊಳಗಿಂದ ನೋಡಿದಷ್ಟು ಮಾತ್ರ ಉಳಿದಿದೆ; ಅದೂ ಮಳೆಗಾಲ ಕಳೆಯುವುದರೊಳಗೆ ಹೋಗುತ್ತದೆ, ಮದ್ದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಚಿತ್ರದ ಡಿಸ್ಕು ಬರುತ್ತದೆಂಬ ಸುದ್ದಿ ಕೇಳಿ ಗೌರವ್ವ ನನ್ನ ಮನೆಗೇ ಬಂದಳು. "ಮಾಸ್ತರ್ರ, ಮಂದಿ ನಂಬಲಿ ಬಿಡಲಿ. ಇವ್ರ ಕಣ್ಣು ಹೋಗೂದ್ರಾಗ ಒಮ್ಮಿ ನನ್ನ ನೋಡ್ಲಿ ಅಂತೀನಿ, ಅಷ್ಟ." ಮುಗುಳ್ನಗೆ ಬೀರಲು ನನ್ನ ತುಟಿ ಒಪ್ಪಲಿಲ್ಲ.

ಆಪರೇಟರು ತೀರಿಹೋಗಿ ಬಹಳ ವರ್ಷವಾಗಿತ್ತು. ಆತನ ಸೊಸೆ ಸಂತೆಕಲ್ಲೂರಿನಲ್ಲಿದ್ದಾಳೆಂದು ತಿಳಿದು ಶೇರ್ ಆಟೋದಲ್ಲಿ ಹೋದೆ. ಅಟ್ಟದ ಮೇಲಿನಿಂದ ಆಕೆ ಇಳಿಸಿದ ತುಕ್ಕು ಹಿಡಿದ ಡಬ್ಬಿಯ ಮುಚ್ಚಳ ತೆಗೆದಾಗ ಕೆಟ್ಟ ಉಪ್ಪಿನಕಾಯಿಯ ಹುಳಿ ವಾಸನೆ ಮೂಗಿಗೆ ಬಡಿಯಿತು. ಫಿಲ್ಮು ಸಾಯುವಾಗ ಬರುವ ವಾಸನೆ ಅದು. ವಾಪಸು ಬರುವಾಗ ರಸ್ತೆಯ ಪ್ರತಿ ಗುಂಡಿಗೂ ಡಬ್ಬಿಯನ್ನು ತೊಡೆಯಿಂದ ಮೇಲೆತ್ತಿ ಹಿಡಿಯುತ್ತಿದ್ದ ನನ್ನನ್ನು ನೋಡಿ ಪಕ್ಕದ ಹೆಂಗಸು "ಒಳಗ ಏನೈತ್ರಿ, ತತ್ತೀನಾ?" ಎಂದು ಕೇಳಿದಳು.

ಸಿಂಧನೂರಿನಲ್ಲಿ ಶಬಾನಾಳ ಸ್ಟುಡಿಯೊ ಇದೆ. ಆರ್.ಎಚ್. ಕ್ಯಾಂಪಿನಲ್ಲಿ ನೆಲೆಸಿದ ಬಂಗಾಲಿ ನಿರಾಶ್ರಿತರ ಮದುವೆಗಳಿಂದ ಹಿಡಿದು ನಮ್ಮ ಲಗ್ನಗಳವರೆಗೆ ಎಲ್ಲರ ಹಳೆಯ ಕ್ಯಾಸೆಟ್ಟುಗಳನ್ನು ಅವಳೇ ಹೊಸದು ಮಾಡಿಕೊಡುವುದು. ಬೆಂಗಳೂರಿಗೆ ಕಳಿಸಿದರೆ ದಾರಿಯಲ್ಲೇ ಪುಡಿಯಾಗುತ್ತದೆಂದು ಹೆದರಿ ಅವಳ ಕೈಗೆ ಕೊಟ್ಟೆ. ಕೆಳಗಿನಿಂದ ಬೆಳಕು ಬಿಡುವ ಗಾಜಿನ ಮೇಲೆ ಗೇಣುದ್ದ ಗೇಣುದ್ದ ಬಿಚ್ಚಿ, ಒಂದೊಂದೇ ಚೌಕಟ್ಟಿನ ಫೋಟೊ ಹೊಡೆಯುವುದು, ಆಮೇಲೆ ಅವನ್ನೆಲ್ಲ ಪೋಣಿಸುವುದು. ಫೋಟೊ ಹೊಡೆದ ತುಂಡು ಎತ್ತುವಾಗಲೇ ಮುರಿಯುತ್ತಿತ್ತು. ಒಮ್ಮೆ ತಪ್ಪಿದರೆ ಇನ್ನೊಮ್ಮೆಯಿಲ್ಲ. ಫ್ಯಾನು ಹಾಕಿದರೆ ಹಾರುತ್ತದೆ, ಹಾಕದಿದ್ದರೆ ಬೆವರು ಹನಿಯುತ್ತದೆ. ಸಿಂಧನೂರಿನ ಮೇ ತಿಂಗಳಲ್ಲಿ ಫ್ಯಾನಿಲ್ಲದೆ ಉಸಿರು ಬಿಗಿಹಿಡಿದು ಕೂತ ನಾವಿಬ್ಬರೂ ಹಾಸ್ಯಕ್ಕಾಗಿ ಇಷ್ಟು ಗಂಭೀರವಾಗಿರುವುದು ಕಂಡಿದ್ದರೆ ಆ ನಟನೇ ನಗುತ್ತಿದ್ದನೋ ಏನೋ. ಬಾವಿ ಬಂತು, ನಟ ಬಂದ, ಕೊಡ ಬಂತು. ಕೊಡದ ಹಿಂದೆ ಬಾಯಿಯನ್ನು ಒಂದು ಕಡೆಗೆ ಎಳೆದು ನಗುವ ಒಂದು ಹುಡುಗಿಯೂ ಬಂದಳು.

ಎಡವಟ್ಟಾದದ್ದು ಅಲ್ಲಿಂದ ಮುಂದೆ. ಆಪರೇಟರು ಅವಸರದಲ್ಲಿ ಕೆಲವು ಚೂರುಗಳನ್ನು ಮಗುಚಿ ಅಂಟಿಸಿದ್ದ. ಅವು ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗಿದ್ದವು. ಈ ಚೂರು ನೆಟ್ಟಗಿದೆಯೋ ಮಗುಚಿದೆಯೋ? ಫಿಲ್ಮಿನ ಎರಡೂ ಅಂಚು ಉದುರಿಹೋಗಿ ನೆಟ್ಟಗಿನ ಬದಿ ಯಾವುದೆಂಬ ಗುರುತೇ ಇರಲಿಲ್ಲ. ಬನಿಯನ್ನಿಗೆ ಗುಂಡಿಯಿಲ್ಲ, ನಟನ ಕೈಗೆ ಗಡಿಯಾರವಿಲ್ಲ, ಬಾವಿ ಯಾವ ಕಡೆಯಿಂದ ನೋಡಿದರೂ ಬಾವಿಯೇ. ಆಗ ನನ್ನ ಪಾಂಡಿತ್ಯ ಜಾಗೃತವಾಯಿತು. ಹುಡುಗಿಯ ಸೆರಗು ಬಲಹೆಗಲ ಮೇಲಿದೆಯಲ್ಲ, ಎಲ್ಲ ಸಿನಿಮಾದ ಎಲ್ಲ ಹೆಂಗಸರ ಸೆರಗೂ ಎಡಕ್ಕಲ್ಲವೇ, ಅಂದಮೇಲೆ ಇದು ಮಗುಚಿದ್ದೇ ಸರಿ ಎಂದು ತೀರ್ಪು ಕೊಟ್ಟೆ. ಶಬಾನಾ ಒಂದು ಗಳಿಗೆ ನನ್ನ ಮುಖ ನೋಡಿ, "ನೀವು ಹೇಳಿದ್ರ ತಿರುವ್ತೀನ್ರಿ ಸರ್," ಎಂದು ತಿರುವಿದಳು. ನನ್ನನ್ನು ಹೆತ್ತವಳು ಜೀವಮಾನವಿಡೀ ಬಲಸೆರಗು ಹೊದ್ದವಳು, ನಮ್ಮ ಓಣಿಯ ಮುದುಕಿಯರೆಲ್ಲ ಬಲಸೆರಗಿನವರು. ಅಷ್ಟಾದರೂ ತೆರೆಯ ಮೇಲೆ ನಮ್ಮೂರಿನವಳೊಬ್ಬಳು ನಮ್ಮೂರಿನ ಹಾಗೆಯೇ ನಿಂತಿರಬಹುದೆಂದು ನನಗೆ ಹೊಳೆಯಲಿಲ್ಲ. ಅತಿಯಾಗಿ ಸಿನಿಮಾ ನೋಡಿದರೆ ಕಣ್ಣು ಹೋಗುತ್ತದೆಂದು ಅಪ್ಪ ಬೈಯುತ್ತಿದ್ದದ್ದು ಸುಳ್ಳಲ್ಲ.

ಅದೇ ದಿನ ಸಂಜೆಯೊಳಗೆ ದೃಶ್ಯ ಬೆಂಗಳೂರು ಸೇರಬೇಕು, ಇಲ್ಲವಾದರೆ ಅದಿಲ್ಲದೆಯೇ ಡಿಸ್ಕು ಅಚ್ಚಿಗೆ ಹೋಗುತ್ತದೆ ಎಂದು ಸಂಸ್ಥೆಯವರು ಮೇಲಿಂದ ಮೇಲೆ ಫೋನು ಮಾಡುತ್ತಿದ್ದರು. ಮಧ್ಯಾಹ್ನದ ಬಸ್ಸಿಗೆ ಗೌರವ್ವ ಗಂಡನ ಕೈಹಿಡಿದುಕೊಂಡು ಸ್ಟುಡಿಯೊಗೆ ಬಂದಳು. ಶರಣಪ್ಪನವರನ್ನು ಪರದೆಯ ತೀರ ಹತ್ತಿರ ಕೂರಿಸಿ ಶಬಾನಾ ದೃಶ್ಯ ಓಡಿಸಿದಳು.

ಕೊಡ ಬಿತ್ತು. ಹುಡುಗಿ ನಕ್ಕಳು. ಗೌರವ್ವ "ನಾನ... ನಾನ ಅದು," ಎಂದು ಗಂಡನ ಭುಜ ಹಿಡಿದಳು.

ಶರಣಪ್ಪನವರು ಮುಖವನ್ನು ಆ ಕಡೆ ಈ ಕಡೆ ಸರಿಸಿ, ಇದ್ದಷ್ಟು ಕಣ್ಣನ್ನೆಲ್ಲ ಒಟ್ಟುಗೂಡಿಸಿ, ಮತ್ತೊಮ್ಮೆ ಓಡಿಸಲು ಹೇಳಿ ನೋಡಿದರು. ಆಮೇಲೆ ಮೆಲ್ಲಗೆ ತಲೆಯಾಡಿಸಿದರು. ಅಣಕದ ಸುಳಿವೇ ಇರಲಿಲ್ಲ, ಅದೇ ನನ್ನನ್ನು ಇರಿದದ್ದು.

"ಸುಳ್ಳು ಹೇಳಂಗಿಲ್ರಿ ಮಾಸ್ತರ್ರ. ಹೌದು ಅಂದ್ರ ಇಕಿ ಜೀವ ತಣ್ಣಗಾಗ್ತೈತಿ, ಅದು ಗೊತ್ತೈತಿ. ಆದ್ರ ಅದ್ರಾಗಿನ ಹುಡುಗಿ ನಮ್ಮಾಕಿ ಅಲ್ಲ."

ಗೌರವ್ವನ ಕೈ ಅವರ ಭುಜದಿಂದ ಜಾರಿತು. ಇಷ್ಟು ವರ್ಷ ಆಕೆ ಕಾದ ಕೊನೆಯ ಸಾಕ್ಷಿ ಅಲ್ಲೇ ಓಡಿ ಮುಗಿದು ಪರದೆ ಕಪ್ಪಾಗಿತ್ತು. ಮೂಲದ ಫಿಲ್ಮು ಕಸದ ಬುಟ್ಟಿಯಲ್ಲಿ ಪುಡಿಯಾಗಿ ಬಿದ್ದಿತ್ತು. ನನ್ನ ಕಿಸೆಯಲ್ಲಿ ಬೆಂಗಳೂರಿನ ಫೋನು ಮತ್ತೆ ನಡುಗತೊಡಗಿತು.

"ಯಾಕ ಅಲ್ರಿ ಕಾಕಾ?" ಎಂದವಳು ಶಬಾನಾ.

"ಸೆರಗು ನೋಡವಾ. ಎಡಕ್ಕ ಐತಿ. ನಮ್ಮಾಕಿ ಲಗ್ನದಾಗ ಬಲಸೆರಗು ಹೊತ್ತು ಬಂದಾಕಿ, ಇವತ್ತಿಗೂ ಅದ. ನಕ್ರ ಬಾಯಿ ಒಂದು ಕಡಿ ಎಳೀತೈತಿ, ಇದು ಮತ್ತೊಂದು ಕಡಿ ಎಳ್ಯಾಕತ್ತೈತಿ."

ಶಬಾನಾ ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ. ಅವಳು ಒಂದು ಗುಂಡಿ ಒತ್ತಿ, ನಾನು ಎಡಕ್ಕೆ ತಳ್ಳಿದ್ದ ಸೆರಗನ್ನು ಅದರ ಹೆಗಲಿಗೆ ಮರಳಿಸಿ ಮತ್ತೆ ಓಡಿಸಿದಳು.

ಶರಣಪ್ಪನವರು ಈ ಸಲ ಮುಖ ಸರಿಸಲಿಲ್ಲ. ಹುಡುಗಿ ನಗುವ ಚೌಕಟ್ಟಿಗೆ ಬಂದಾಗ "ನಿಂದರಸವಾ, ನಿಂದರಸು," ಎಂದರು. ಶಬಾನಾ ನಿಲ್ಲಿಸಿದಳು. ಅವರು ಪರದೆಯ ಮೇಲೆ ಅಂಗೈ ಇಟ್ಟರು.

ಆಶ್ಚರ್ಯವೆಂದರೆ, ಈಗ ಅನುಮಾನ ಬಂದದ್ದು ಗೌರವ್ವನಿಗೆ. ಮೊದಲಿನದನ್ನು ನಾನೇ ಎಂದು ಒಪ್ಪಿದ್ದವಳು ಇದನ್ನು ಯಾರದೋ ಮನೆಯ ಹುಡುಗಿಯನ್ನು ನೋಡುವಂತೆ ನೋಡುತ್ತಿದ್ದಳು. ನನಗೆ ಥಟ್ಟನೆ ಅರ್ಥವಾಯಿತು. ಆ ಕಾಲದಲ್ಲಿ ಆಕೆಯ ಒಂದು ಫೋಟೊ ಕೂಡ ಯಾರೂ ತೆಗೆದಿರಲಿಲ್ಲ. ತನ್ನ ಹರೆಯದ ಮುಖವನ್ನು ಆಕೆ ಕಂಡದ್ದು ಗೂಡಿನ ಕನ್ನಡಿಯಲ್ಲಿ ಮಾತ್ರ, ಸೆರಗು ಎಡಕ್ಕೂ ನಗೆ ಆಚೆ ಕಡೆಗೂ ಹೋದ ಮುಖವನ್ನು. ನಾವೆಲ್ಲರೂ ನಮ್ಮನ್ನು ಬಲ್ಲೆವೆಂದುಕೊಂಡಿರುವುದು ಹೀಗೆಯೇ, ತಿರುವುಮುರುವಾಗಿ. ನಮ್ಮ ಮುಖ ನೆಟ್ಟಗೆ ಹೇಗಿದೆಯೆಂಬುದು ಎದುರಿಗೆ ಕೂತು ನೋಡುತ್ತ ಬಂದವರಿಗಷ್ಟೇ ಗೊತ್ತು. ಅಂಥವರ ಕಣ್ಣು ಆರಿದರೆ ಹೋಗುವುದು ಅವರ ಲೋಕ ಮಾತ್ರವಲ್ಲ.

"ನಾ ಹಿಂಗಿದ್ನೇನ್ರಿ?" ಎಂದಳು ಗೌರವ್ವ, ಬಲು ಸಣ್ಣ ದನಿಯಲ್ಲಿ.

ಶರಣಪ್ಪನವರು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಹಿಂಗ ಇದ್ದಿ. ನೀ ನೋಡಿಲ್ಲ, ನಾ ನೋಡೀನಿ."