ಕ್ವಾರಿಯ ದಾರಿಗೆ ಅಡ್ಡ ನಿಂತಾಗ

ಜಿಗಣಿಯ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡ ನಮ್ಮೂರಲ್ಲಿ ಬೋರ್‌ವೆಲ್ ನೀರು ಹಳದಿಗೆ ತಿರುಗಿದ್ದು ಆ ಬೇಸಿಗೆಯಲ್ಲಿ. ನಮ್ಮ ವಠಾರದಲ್ಲಿ ಬಾಡಿಗೆಗಿದ್ದ ಗಾರ್ಮೆಂಟ್ಸ್ ಕೆಲಸದ ಹುಡುಗಿ ಒಂದು ದಿನ ತನ್ನ ಕೂಸಿನ ಬೆನ್ನು ತೋರಿಸಿದಳು. ಸ್ನಾನ ಮಾಡಿಸಿದಾಗಲೆಲ್ಲ ಕೆಂಪಗೆ ಬೊಬ್ಬೆ ಏಳುತ್ತಿತ್ತಂತೆ.

"ಅಕ್ಕಾ, ನೀರಲ್ಲಿ ಏನೋ ಐತೆ," ಎಂದಳು.

ಏನಿದೆ ಎಂದು ಇಡೀ ಬೀದಿಗೆ ಗೊತ್ತಿತ್ತು. ನಮ್ಮ ತೋಟದಾಚೆಯ ಹಾಳು ಕ್ವಾರಿಗೆ ಯಾವುದೋ ಫ್ಯಾಕ್ಟರಿಯ ಟ್ಯಾಂಕರು ಗಬ್ಬು ನೀರು ತಂದು ಸುರಿಯುತ್ತಿತ್ತು. ತೋಟದೊಳಗಿಂದ ದಾರಿ ಬಿಟ್ಟುಕೊಟ್ಟವರು ನನ್ನ ಭಾವ, ಗಂಡನ ಅಣ್ಣ. ಒಂದೇ ಅಂಗಳದ ಮನೆಗಳು ನಮ್ಮವು. ಹಾಗಾಗಿ ನನ್ನೆದುರು ಯಾರೂ ಬಾಯಿ ಬಿಡುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಟ್ಯಾಂಕರಿನ ಸದ್ದು ಕೇಳಿದ್ದೇ ಸ್ಕೂಟರನ್ನು ಮನೆ ಮುಂದಿನ ತೋಟದ ದಾರಿಗೆ ಅಡ್ಡ ನಿಲ್ಲಿಸಿದೆ. ಯೋಚಿಸಿ ಮಾಡಿದ್ದಲ್ಲ. ಡ್ರೈವರ್ ಹಾರ್ನ್ ಒತ್ತುತ್ತಲೇ ಗಾಡಿಯನ್ನು ಮೈಮೇಲೆ ಬರುವಷ್ಟು ಹತ್ತಿರ ತಂದ. ಎಂಜಿನ್ನಿನ ಬಿಸಿ ಮುಖಕ್ಕೆ ಹೊಡೆಯಿತು. ಸ್ಕೂಟರಿನ ಹ್ಯಾಂಡಲ್ ಬಿಗಿಯಾಗಿ ಹಿಡಿದುಕೊಂಡೆ.

ಭಾವ ಬೈಕಿನಲ್ಲಿ ಬಂದರು. "ಸ್ಕೂಟರ್ ತೆಗಿ. ಮನೆ ಮರ್ಯಾದೆ ಬೀದೀಲಿ ಕಳೀತೀಯಾ?"

"ಆ ಕೂಸಿನ್ ಬೆನ್ನು ಒಂದ್ಸಲ ನೋಡ್ಬನ್ನಿ. ಆಮೇಲ್ ತೆಗೀತೀನಿ."

ಅವರು ಹ್ಯಾಂಡಲ್ ಹಿಡಿದು ಎಳೆದರು. ನಾನೂ ಬಿಡಲಿಲ್ಲ. ಸ್ಕೂಟರು ವಾಲಿತು. ಅಷ್ಟರಲ್ಲಿ ಅಂಗಳ ಗುಡಿಸುತ್ತಿದ್ದ ನನ್ನತ್ತೆ ಕಡ್ಡಿಪೊರಕೆ ಕೆಳಗಿಟ್ಟು ಬಂದು ಟ್ಯಾಂಕರಿನ ಮುಂದಿನ ಚಕ್ರಕ್ಕೆ ಒರಗಿ ಕುಳಿತುಬಿಟ್ಟರು.

"ಯೋಳ್ಲಾ ಅವ್ನಿಗೆ," ಎಂದರು ಮಗನಿಗೆ, "ನನ್ ಮ್ಯಾಲೆ ಅತ್ತಿಸ್ಕೊಂಡ್ ಓಗ್ಲಿ."

ಭಾವನ ಕೈ ಸಡಿಲವಾಯಿತು. ಒಂದೊಂದೇ ಬಾಗಿಲು ತೆರೆದು ಬೀದಿಯ ಹೆಂಗಸರೆಲ್ಲ ಹೊರಬಂದರು. ಕೂಸಿನ ತಾಯಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಫೋನು ಹಚ್ಚಿದಳು. ಅಧಿಕಾರಿಗಳು ಬರುವವರೆಗೆ ಯಾರೂ ಕದಲಲಿಲ್ಲ. ಬಿಸಿಲಿಗೆ ಬಾಡಿದ ಡ್ರೈವರ್ ಕುಡಿಯಲು ನೀರು ಕೇಳಿದ. ಚೊಂಬು ಹಿಡಿದು ನಲ್ಲಿಯತ್ತ ಹೊರಟೆ.

"ಆ ನೀರ್ ಬ್ಯಾಡಕ್ಕ," ಎಂದ, ತಲೆ ತಗ್ಗಿಸಿ. ಕ್ಯಾನಿನ ನೀರು ತಂದುಕೊಟ್ಟೆ.

ಸಂಜೆ ಅಧಿಕಾರಿಗಳು ಬಂದು ಬಾಟಲಿಗಳಲ್ಲಿ ಮಾದರಿ ತುಂಬಿಕೊಂಡು ಟ್ಯಾಂಕರನ್ನು ಪೊಲೀಸರಿಗೆ ಒಪ್ಪಿಸಿದರು. ಅಲ್ಲಿಂದಾಚೆ ನಮ್ಮ ದಾರಿಗೆ ಟ್ಯಾಂಕರು ಬಂದಿಲ್ಲ. ಭಾವ ಅಂಗಳದ ನಡುವೆ ಗೋಡೆ ಎಬ್ಬಿಸಿದರು. ಅತ್ತೆ ಬೆಳಗಿನ ಊಟ ಅಲ್ಲಿ, ರಾತ್ರಿಯದು ಇಲ್ಲಿ ಮಾಡುತ್ತಾರೆ. ಕೂಸಿನ ಬೆನ್ನು ವಾಸಿಯಾಯಿತು, ಆದರೆ ಅದರ ತಾಯಿ ಈ ನೀರಲ್ಲಿ ಅದನ್ನು ಬೆಳೆಸಲು ಧೈರ್ಯ ಸಾಲದೆ ಚಂದಾಪುರಕ್ಕೆ ಮನೆ ಬದಲಿಸಿದಳು. ಬೋರ್‌ವೆಲ್ಲಿನ ನೀರನ್ನು ನಾವು ಇನ್ನೂ ಬಾಯಿಗೆ ಹಾಕುವುದಿಲ್ಲ.